ದ್ರಾಕ್ಷಿ, ಮಾವು ಮತ್ತು ವೈನ್ ಉದ್ಯಮ: ರೈತನ ಪಾಲೆಷ್ಟು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ರಾಯಲ್ಪಾಡಿನಲ್ಲಿ ಏರ್ಪಡಿಸಿದ್ದ ರೈತಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಈ ಗೋಷ್ಠಿಯಲ್ಲಿ ನನಗೆ ಕೊಟ್ಟಿರುವ ವಿಷಯ ‘ಇಂದಿನ ವೈನ್ ಉದ್ಯಮದ ಸಮಸ್ಯೆಗಳು ಮತ್ತು ರೈತ’ ಅಂತ. ಆಹ್ವಾನ ಪತ್ರಿಕೆ ಹಂಚಿದ ದಿನವೇ ಕೆಲವರು ನಕ್ಕರಂತೆ. ಸಹಕಾರ ಸಂಘದ ಹಬ್ಬದಲ್ಲಿ ದೀಪ ಹಚ್ಚಿ, ಪ್ರಾರ್ಥನೆ ಹಾಡಿ, ಆಮೇಲೆ ಕುಡಿಯೋ ವಿಷಯ ಮಾತಾಡೋದೆ ಅಂತ. ನಗಲಿ, ತಪ್ಪೇನಿಲ್ಲ. ಆದರೆ ಈ ವಿಷಯ ತಾನಾಗಿ ಬಂದದ್ದಲ್ಲ. ಹೋದ ಸರ್ತಿ ಮಾವಿನ ಬೆಲೆ ಬಿದ್ದಾಗ ನಮ್ಮ ಹುಡುಗರೇ ಎದ್ದು ನಿಂತು ಕೇಳಿದ ಪ್ರಶ್ನೆ ಇದು: “ಮಾವಿನ ಹಣ್ಣಿಂದ ವೈನ್ ಮಾಡ್ತಾರಂತೆ, ನಮ್ಮ ಸಂಘ ಯಾಕೆ ಒಂದು ಫ್ಯಾಕ್ಟ್ರಿ ಹಾಕಬಾರದು?” ಕೇಳಿದ್ದರಲ್ಲಿ ಅರ್ಥ ಇದೆ. ಅದಕ್ಕೆ ಉತ್ತರ ಹೌದು ಅಥವಾ ಇಲ್ಲ ಅಂತ ಒಂದೇ ಮಾತಿನಲ್ಲಿ ಹೇಳೋಕೆ ಬರಲ್ಲ. ಆದ್ದರಿಂದ ಸ್ವಲ್ಪ ಸಾವಕಾಶವಾಗಿ ಮಾತಾಡ್ತೀನಿ.

2025ರ ಜೂನ್ ತಿಂಗಳನ್ನು ಇಲ್ಲಿ ಯಾರೂ ಮರೆತಿಲ್ಲ. ತೋತಾಪುರಿ ಕಾಯಿ ಮರದಲ್ಲಿ ಜೋತಾಡುತ್ತಿತ್ತು. ಆ ಕಾಯಿಗೆ ನಮ್ಮ ದೊಡ್ಡ ಗಿರಾಕಿ ಅಂದರೆ ಗಡಿಯಾಚೆ ಚಿತ್ತೂರು ಜಿಲ್ಲೆಯ ಪಲ್ಪ್ ಕಾರ್ಖಾನೆಗಳು. ಆಂಧ್ರ ಸರ್ಕಾರ ತನ್ನ ರೈತರಿಗೆ ಕೆಜಿಗೆ 12 ರೂಪಾಯಿ ಸಿಗಬೇಕು, ಅದರಲ್ಲಿ 8 ರೂಪಾಯಿ ಕಾರ್ಖಾನೆಯವರು ಕೊಡಬೇಕು, 4 ರೂಪಾಯಿ ಸರ್ಕಾರ ಕೊಡುತ್ತೆ ಅಂತ ಗೊತ್ತುಮಾಡಿತು. ಹೊರಗಿನ ಕಾಯಿ ಬಂದರೆ ಈ ಲೆಕ್ಕ ಕೆಡುತ್ತೆ ಅಂತ ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಬೇರೆ ರಾಜ್ಯದ ತೋತಾಪುರಿ ಒಳಗೆ ಬರಕೂಡದು ಅಂತ ಆದೇಶ ಹೊರಡಿಸಿತು. ನಮ್ಮ ಮುಖ್ಯಮಂತ್ರಿಗಳು ಆಂಧ್ರದ ಮುಖ್ಯಮಂತ್ರಿಗಳಿಗೆ ಕಾಗದ ಬರೆದರು. ಶ್ರೀನಿವಾಸಪುರದಲ್ಲಿ ಬಂದ್ ಆಯಿತು. ಕೊನೆಗೆ ಕೇಂದ್ರ ಸರ್ಕಾರ ಕರ್ನಾಟಕದ ತೋತಾಪುರಿಗೆ ಕ್ವಿಂಟಾಲಿಗೆ 1,616 ರೂಪಾಯಿ ದರ ಗೊತ್ತುಮಾಡಿ, 2.5 ಲಕ್ಷ ಟನ್ನಿನವರೆಗೆ ಬೆಲೆಯ ವ್ಯತ್ಯಾಸ ತುಂಬಿಕೊಡಲು ಒಪ್ಪಿತು. ಇದೆಲ್ಲಾ ನಡೆಯೋ ಹೊತ್ತಿಗೆ ಎಷ್ಟು ಕಾಯಿ ತೋಪಿನಲ್ಲೇ ಉದುರಿತು ಅನ್ನೋದು ನಿಮಗೇ ಗೊತ್ತು.

ಇಲ್ಲಿ ಒಂದು ಮಾತು ಗಮನಿಸಿ. ಬಾದಾಮಿ, ಬೇನಿಷಾ, ಮಲ್ಲಿಕಾ ಇವಕ್ಕೆ ತಿನ್ನೋರು ಇದ್ದಾರೆ. ಬೆಂಗಳೂರಿಗೆ ಹೋಗಲಿಲ್ಲ ಅಂದರೆ ಬೇರೆ ಊರಿಗೆ ಹೋಗುತ್ತೆ, ಏನೂ ಇಲ್ಲ ಅಂದರೆ ರಸ್ತೆ ಪಕ್ಕ ಗುಡ್ಡೆ ಹಾಕಿಯಾದರೂ ಮಾರಬಹುದು. ತೋತಾಪುರಿಗೆ ಅಷ್ಟು ಬಾಗಿಲು ಇಲ್ಲ. ಉಪ್ಪಿನಕಾಯಿಗೆ, ಉಪ್ಪು ಖಾರ ಹಚ್ಚಿ ಮಾರೋ ತಳ್ಳುಗಾಡಿಗೆ ಹೋಗೋದು ಎಷ್ಟು ಮಹಾ? ಮಿಕ್ಕಿದ್ದೆಲ್ಲಾ ಪಲ್ಪ್ ಕಾರ್ಖಾನೆಗೇ. ಆ ಒಂದು ಬಾಗಿಲು ಹಾಕಿದರೆ ನಾವು ಅಂಗಳದಲ್ಲಿ. ವೈನ್ ಬಗ್ಗೆ ನಾನು ಹೇಳಬೇಕಾಗಿರೋದೂ ಈ ಬಾಗಿಲಿನ ವಿಷಯವೇ.

ಮೊದಲು ವೈನ್ ಅಂದರೇನು ಅಂತ ಸ್ಪಷ್ಟ ಮಾಡಿಕೊಳ್ಳೋಣ, ಯಾಕಂದರೆ ನಮ್ಮ ಕಡೆ ‘ವೈನ್ಸ್’ ಅಂತ ಬೋರ್ಡು ಹಾಕಿರೋ ಅಂಗಡಿಯಲ್ಲಿ ವೈನ್ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಸಿಗುತ್ತೆ. ಬ್ರಾಂದಿ, ವಿಸ್ಕಿ ಭಟ್ಟಿ ಇಳಿಸಿ ಮಾಡಿದ್ದು. ಅದರಲ್ಲಿ ನೂರಕ್ಕೆ 42.8 ಭಾಗ ಮದ್ಯಸಾರ. ವೈನ್ ಭಟ್ಟಿ ಇಳಿಸಿದ್ದಲ್ಲ. ಹಣ್ಣಿನ ರಸದಲ್ಲಿರೋ ಸಕ್ಕರೆಯನ್ನು ಯೀಸ್ಟ್ ತಿಂದು ಮದ್ಯಸಾರವಾಗಿ ಮಾಡುತ್ತೆ. ದೋಸೆ ಹಿಟ್ಟು ಉಬ್ಬಿದ ಹಾಗೆ ಅಂದುಕೊಳ್ಳಿ. ಸಾಮಾನ್ಯವಾಗಿ ನೂರಕ್ಕೆ 12, 13 ಭಾಗ ಮದ್ಯಸಾರ ಇರುತ್ತೆ. ಅಷ್ಟು ಬರಬೇಕಾದರೆ ರಸದಲ್ಲಿ ನೂರಕ್ಕೆ 22 ಭಾಗದಷ್ಟಾದರೂ ಸಿಹಿ ಇರಬೇಕು. ಅದನ್ನು ಅಳೆಯೋ ಅಳತೆಗೆ ‘ಬ್ರಿಕ್ಸ್’ ಅಂತಾರೆ. ಡೇರಿಯಲ್ಲಿ ಫ್ಯಾಟ್ ನೋಡಿ ಹಾಲಿಗೆ ರೇಟು ಕಟ್ಟೋ ಹಾಗೆ ವೈನರಿಯವರು ಬ್ರಿಕ್ಸ್ ನೋಡಿ ದ್ರಾಕ್ಷಿಗೆ ರೇಟು ಕಟ್ಟುತ್ತಾರೆ. ಅಳತೆ ಸಾಧನ ಯಾರ ಕೈಯಲ್ಲಿದೆಯೋ ರೇಟು ಅವರ ಕೈಯಲ್ಲಿ. ಇದು ಹಾಲು ಹಾಕೋ ತಾಯಂದಿರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ನಮ್ಮ ಸೀಮೆಗೆ ದ್ರಾಕ್ಷಿ ಹೊಸದಲ್ಲ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರ ಈ ಭಾಗದಲ್ಲಿ ‘ಬೆಂಗಳೂರು ಬ್ಲೂ’ ದ್ರಾಕ್ಷಿಯನ್ನು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬೆಳೀತಾ ಇದ್ದಾರೆ. ಕಲ್ಲು ಕಂಬ ನೆಟ್ಟು, ತಂತಿ ಎಳೆದು, ಚಪ್ಪರ ಹಾಕಿದ ತೋಟಗಳನ್ನು ನೀವೆಲ್ಲಾ ನೋಡಿದ್ದೀರಿ. ಅದರ ಮೂಲ ಅಮೆರಿಕದ ತಳಿ. ಕಪ್ಪು ನೀಲಿ ಸಿಪ್ಪೆ, ಒಳಗೆ ಬೀಜ, ಹುಳಿ ಜಾಸ್ತಿ, ಮೂಗಿಗೆ ಹೊಡೆಯೋ ಒಂದು ವಾಸನೆ. 2013ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ವೈನ್ ಪಂಡಿತರಿಗೆ ಇದು ಇಷ್ಟವಿಲ್ಲ, ಇದರಲ್ಲಿ ಒಳ್ಳೆ ವೈನ್ ಆಗಲ್ಲ ಅಂತಾರೆ. ಸಿಹಿ ಸಾಲದು ಅನ್ನೋದು ನಿಜವೇ. ಆದರೂ ಗೋವಾದಲ್ಲಿ ‘ಪೋರ್ಟ್’ ಅಂತ ಮಾರೋ ಸಿಹಿ ವೈನಿಗೆ ನಮ್ಮ ಕಡೆಯ ಈ ದ್ರಾಕ್ಷಿಯೇ ಲಾರಿಗಳಲ್ಲಿ ಹೋಗಿದೆ. ಈ ‘ಪೋರ್ಟ್’ ಅನ್ನೋ ಹೆಸರೂ ಜಗಳದ್ದೇ. ಪೋರ್ಚುಗಲ್ಲಿನವರು ಅದು ನಮ್ಮ ದೌರೋ ನದಿ ಕಣಿವೆಯ ಹೆಸರು, ಬೇರೆಯವರು ಹಾಕಕೂಡದು ಅಂತಾರೆ. ನಮ್ಮ ಹಣ್ಣಿಗೆ ನಮ್ಮ ಊರಿನ ಹೆಸರಿದ್ದೂ ಶೀಸೆ ಮೇಲೆ ಪೋರ್ಚುಗಲ್ಲಿನ ಹೆಸರು ಅಂಟಿಸಿದರೆ ಅವರು ಕೇಳದೆ ಬಿಡುತ್ತಾರೆಯೇ?

ನಾನು ಬೆಂಗಳೂರು ಬ್ಲೂ ಪರವಾಗಿ ಒಂದು ಮಾತು ಹೇಳ್ತೀನಿ. ಅದಕ್ಕೆ ಮೂರು ಬಾಗಿಲಿವೆ. ತಿನ್ನೋಕೂ ಆಗುತ್ತೆ, ಜ್ಯೂಸಿಗೂ ಆಗುತ್ತೆ, ವೈನಿಗೂ ಆಗುತ್ತೆ. ವೈನರಿಯವನು ಬೇಡ ಅಂದರೆ ಮಾರ್ಕೆಟ್ಟಿಗೆ ಹಾಕಬಹುದು. ಪಂಡಿತರು ಹೊಗಳೋ ಕ್ಯಾಬರ್ನೆ, ಶಿರಾಜ್ ಇಂಥ ಫ್ರೆಂಚ್ ತಳಿಗಳು ಹಾಗಲ್ಲ. ಕಾಳು ಸಣ್ಣ, ಸಿಪ್ಪೆ ದಪ್ಪ, ಬಾಯಿಗೆ ಹಾಕಿದರೆ ಬೀಜವೇ ಬೀಜ. ತಿನ್ನೋಕೆ ಯಾರೂ ಕೊಳ್ಳಲ್ಲ. ಇನ್ನೊಂದು ಕಷ್ಟ ಅಂದರೆ ಇಳುವರಿ ಹೆಚ್ಚು ತೆಗೆಯೋ ಹಾಗಿಲ್ಲ. ಗೊಂಚಲು ಜಾಸ್ತಿ ಬಿಟ್ಟರೆ ರಸ ತೆಳ್ಳಗಾಗುತ್ತೆ ಅಂತ ವೈನರಿಯವರೇ ನಿಂತು ಗೊಂಚಲು ಕೀಳಿಸುತ್ತಾರೆ. ಬೆಳೆ ಕಡಿಮೆ, ಗಿರಾಕಿ ಒಬ್ಬನೇ. ರೇಟು ಒಳ್ಳೇದಿದ್ದಾಗ ಸರಿ, ಇಲ್ಲದಾಗ ಹೇಳೋಕೆ ಯಾರೂ ಇಲ್ಲ.

ಫ್ರೆಂಚ್ ತಳಿ ನಮ್ಮ ಕಡೆ ಬಂದದ್ದು ದೊಡ್ಡಬಳ್ಳಾಪುರಕ್ಕೆ. ಕನ್ವಲ್ ಗ್ರೋವರ್ ಅನ್ನೋರು 1988ರಲ್ಲಿ ನಂದಿ ಬೆಟ್ಟದ ತಪ್ಪಲಲ್ಲಿ ಫ್ರಾನ್ಸಿನ ತಜ್ಞರ ಸಹಾಯದಿಂದ ಬಳ್ಳಿ ಹಾಕಿದರು. 1992ರಲ್ಲಿ ಅವರ ಮೊದಲ ವೈನ್ ಹೊರಗೆ ಬಂತು. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ತಾನೇ ಮಲಗುತ್ತೆ, ನಮ್ಮಲ್ಲಿ ಮಲಗಲ್ಲ. ಬೇಸಿಗೆಯಲ್ಲಿ ಒಂದು ಸಾರಿ, ಮಳೆಗಾಲ ಮುಗಿಯೋ ಹೊತ್ತಿಗೆ ಇನ್ನೊಂದು ಸಾರಿ ಪ್ರೂನಿಂಗ್ ಮಾಡಿ, ಫೆಬ್ರವರಿ ಮಾರ್ಚಿಗೆ ಹಣ್ಣು ಬರೋ ಹಾಗೆ ಹೊಂದಿಸಿದರು. ಕೆಲಸ ಶ್ರದ್ಧೆಯಿಂದ ಮಾಡಿದರು, ಅದನ್ನು ಒಪ್ಪಬೇಕು. ಆಮೇಲೆ 2001ರಲ್ಲಿ ಮಹಾರಾಷ್ಟ್ರ ಸರ್ಕಾರ ದ್ರಾಕ್ಷಿ ಸಂಸ್ಕರಣಾ ನೀತಿ ತಂದಿತು. ನಾಸಿಕ್ ಹತ್ತಿರ ವಿಂಚೂರಿನಲ್ಲಿ, ಸಾಂಗ್ಲಿ ಜಿಲ್ಲೆಯ ಪಲೂಸಿನಲ್ಲಿ ವೈನ್ ಪಾರ್ಕ್ ಮಾಡಿತು. ನಮ್ಮ ಸರ್ಕಾರ 2007ರಲ್ಲಿ ‘ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ’ ತಂದು, ಒಂದು ಮಂಡಳಿಯನ್ನೂ ಮಾಡಿತು. ನಮ್ಮ ಭಾಗಕ್ಕೆ ‘ನಂದಿ ಕಣಿವೆ’ ಅಂತ ಹೆಸರು ಬಂತು. ಉತ್ತರದಲ್ಲಿ ‘ಕೃಷ್ಣಾ ಕಣಿವೆ’.

ಮಹಾರಾಷ್ಟ್ರದಲ್ಲಿ ಮುಂದೇನಾಯಿತು ಅಂತ ನಮ್ಮ ಹುಡುಗರು ಕೇಳಿಸಿಕೊಳ್ಳಬೇಕು. ಮೊದಲ ಆರೇಳು ವರ್ಷ ವೈನರಿಗಳು ಒಂದರ ಮೇಲೊಂದು ಎದ್ದವು. ತಿನ್ನೋ ದ್ರಾಕ್ಷಿ ಕಿತ್ತು ವೈನ್ ದ್ರಾಕ್ಷಿ ಹಾಕಿ ಅಂತ ರೈತರ ಹಿಂದೆ ಬಿದ್ದರು. 2008ರಲ್ಲಿ ಪ್ರಪಂಚದಲ್ಲೆಲ್ಲಾ ಹಣಕಾಸು ಕುಸಿತ. ಅದೇ ವರ್ಷ ನವೆಂಬರಿನಲ್ಲಿ ಮುಂಬಯಿಯ ಹೋಟೆಲುಗಳ ಮೇಲೆ ದಾಳಿ. ಪ್ರವಾಸಿಗಳು ಬರೋದು ನಿಂತಿತು, ವೈನ್ ಮಾರಾಟವೂ ಬಿತ್ತು. ವೈನರಿಗಳ ತೊಟ್ಟಿಗಳಲ್ಲಿ ಹಳೇ ವೈನ್ ಹಾಗೇ ಕೂತಿತ್ತು, ಹೊಸ ದ್ರಾಕ್ಷಿ ಕೊಳ್ಳೋರು ಇಲ್ಲ. ದೊಡ್ಡ ಹೆಸರಿನ ಕಂಪನಿಯೇ ಸಾಲದಲ್ಲಿ ಮುಳುಗಿ ಬಾಗಿಲು ಹಾಕಿತು. ಎಷ್ಟೋ ರೈತರು ಹಾಕಿದ ಬಳ್ಳಿಯನ್ನು ತಾವೇ ಬುಡ ಸಹಿತ ಕಿತ್ತರು. ಬಳ್ಳಿ ಹಾಕಿ ಫಸಲು ಕಾಣೋಕೆ ಎರಡು ಮೂರು ವರ್ಷ ಬೇಕು ಸ್ವಾಮಿ, ಕೀಳೋಕೆ ಒಂದು ದಿನ ಸಾಕು.

ಇದು ನಮ್ಮ ದೇಶದ ಕಥೆ ಮಾತ್ರ ಅಂತ ತಿಳಿಯಬೇಡಿ. ವೈನಿಗೆ ತವರು ಅಂತ ಹೇಳೋ ಫ್ರಾನ್ಸಿನಲ್ಲೇ ಈಗ ಕುಡಿಯೋರು ಕಡಿಮೆ ಆಗಿದ್ದಾರೆ. 2024ರಲ್ಲಿ ಪ್ರಪಂಚದಲ್ಲಿ ಕುಡಿದ ವೈನ್ 1961ರಿಂದ ಈಚೆಗೆ ಅತಿ ಕಡಿಮೆ ಅಂತ ಅಂತರರಾಷ್ಟ್ರೀಯ ವೈನ್ ಸಂಸ್ಥೆಯವರು ಹೇಳಿದ್ದಾರೆ. 2023ರಲ್ಲಿ ಫ್ರಾನ್ಸ್ ಸರ್ಕಾರ ಉಳಿದುಹೋದ ವೈನನ್ನು ಕೊಂಡು, ಭಟ್ಟಿ ಇಳಿಸಿ, ಸೆಂಟು ಮತ್ತು ಕೈ ತೊಳೆಯೋ ಔಷಧಿಗೆ ಕೊಡೋಕೆ 20 ಕೋಟಿ ಯೂರೋ, ನಮ್ಮ ಲೆಕ್ಕದಲ್ಲಿ ಸುಮಾರು 1,800 ಕೋಟಿ ರೂಪಾಯಿ, ಎತ್ತಿಟ್ಟಿತು. ಮಾರನೇ ವರ್ಷ ಬಳ್ಳಿ ಕಿತ್ತುಹಾಕೋ ರೈತನಿಗೆ ಹೆಕ್ಟೇರಿಗೆ 4,000 ಯೂರೋ ಕೊಡ್ತೀವಿ ಅಂತ ಯೋಜನೆ ಬಂತು. ಹಾಕು ಅಂತ ಒಂದು ಕಾಲದಲ್ಲಿ ಸಬ್ಸಿಡಿ, ಕೀಳು ಅಂತ ಇನ್ನೊಂದು ಕಾಲದಲ್ಲಿ ಸಬ್ಸಿಡಿ. ಆಸ್ಟ್ರೇಲಿಯಾದವರು ಚೀನಾವನ್ನು ನಂಬಿಕೊಂಡು ಬೆಳೆದರು. 2021ರಲ್ಲಿ ಚೀನಾ ಭಾರಿ ಸುಂಕ ಹಾಕಿತು, ಅದು ಹೋಗಿದ್ದು 2024ರಲ್ಲಿ. ಅಷ್ಟರಲ್ಲಿ ಅಲ್ಲಿನ ಕೆಂಪು ವೈನ್ ತೊಟ್ಟಿಗಳಲ್ಲಿ ತುಂಬಿ ನಿಂತಿತ್ತು. ಅದೇ ಆಸ್ಟ್ರೇಲಿಯಾ ಜೊತೆ ನಮ್ಮ ದೇಶ ಮಾಡಿಕೊಂಡ ವ್ಯಾಪಾರ ಒಪ್ಪಂದ 2022ರ ಡಿಸೆಂಬರ್ 29ರಿಂದ ಜಾರಿಗೆ ಬಂದಿದೆ. ಶೀಸೆಗೆ 5 ಡಾಲರಿಗಿಂತ ಹೆಚ್ಚು ಬೆಲೆಯ ಅವರ ವೈನಿಗೆ 150 ಇದ್ದ ಸುಂಕ ಮೊದಲ ದಿನವೇ ನೂರಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ 50ಕ್ಕೆ ಇಳಿಯಬೇಕು. ಅಂದರೆ ಇಲ್ಲಿ ಯಾರಾದರೂ ಇವತ್ತು ವೈನರಿ ಕಟ್ಟಿದರೆ, ಅದರ ಸಾಲ ತೀರೋ ಹೊತ್ತಿಗೆ ಪೈಪೋಟಿಗೆ ನಿಲ್ಲೋದು ಪಕ್ಕದ ಊರಿನವನಲ್ಲ, ಸಮುದ್ರದಾಚೆಯವನು.

ನಡುವೆ ಒಂದು ಸಣ್ಣ ವಿಷಯ ಹೇಳಿಬಿಡ್ತೀನಿ, ನಿಮಗೆ ತಮಾಷೆ ಅನ್ನಿಸಬಹುದು. ಮೈಲುತುತ್ತ, ಸುಣ್ಣ ಬೆರೆಸಿ ನಾವು ಹೊಡೆಯೋ ಬೋರ್ಡೋ ದ್ರಾವಣ ಹುಟ್ಟಿದ್ದೇ ವೈನ್ ತೋಟದಲ್ಲಿ. ಬೋರ್ಡೋ ಅನ್ನೋದು ಫ್ರಾನ್ಸಿನ ವೈನ್ ಸೀಮೆಯ ಪಟ್ಟಣ. ಅಲ್ಲಿ ದಾರಿ ಪಕ್ಕದ ಬಳ್ಳಿಯಿಂದ ಹೋಗೋರು ಬರೋರು ದ್ರಾಕ್ಷಿ ಕೀಳಬಾರದು ಅಂತ ತೋಟದವರು ನೀಲಿ ಬಣ್ಣದ ಈ ಮಿಶ್ರಣ ಬಳಿಯುತ್ತಿದ್ದರು. ಬಳಿದ ಬಳ್ಳಿಗೆ ಬೂಜು ರೋಗ ಬಂದಿಲ್ಲ ಅಂತ ಮಿಲಾರ್ಡೆ ಅನ್ನೋ ಪ್ರಾಧ್ಯಾಪಕರು ಕಂಡುಕೊಂಡು 1885ರಲ್ಲಿ ಪ್ರಕಟಿಸಿದರು. ಕಳ್ಳರನ್ನು ಹೆದರಿಸೋಕೆ ಮಾಡಿದ್ದು ನಮ್ಮ ಟೊಮೇಟೊ ತೋಟದವರೆಗೂ ಬಂತು. ಈಗ ಅದೂ ಚರ್ಚೆಯಲ್ಲಿದೆ. ನೂರು ವರ್ಷ ಹೊಡೆದು ಹೊಡೆದು ಅಲ್ಲಿನ ಮಣ್ಣಲ್ಲಿ ತಾಮ್ರ ಕೂತುಬಿಟ್ಟಿದೆ ಅಂತ, ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕೆಜಿ ತಾಮ್ರಕ್ಕಿಂತ ಹೆಚ್ಚು ಹಾಕಕೂಡದು ಅಂತ ಐರೋಪ್ಯ ಒಕ್ಕೂಟ ನಿಯಮ ಮಾಡಿದೆ. ಹವೆಯೂ ಬದಲಾಗಿದೆ. ಬೋನ್ ಅನ್ನೋ ಊರಿನಲ್ಲಿ 1354ರಿಂದ ಕೊಯ್ಲಿನ ದಿನ ಬರೆದಿಟ್ಟಿದ್ದಾರೆ. 1988ರಿಂದ ಈಚೆಗೆ ಸರಾಸರಿ 13 ದಿನ ಮುಂಚೆಯೇ ದ್ರಾಕ್ಷಿ ಹಣ್ಣಾಗುತ್ತಿದೆಯಂತೆ. ಆರುನೂರು ವರ್ಷದ ಲೆಕ್ಕ ಇಟ್ಟಿದ್ದಾರಲ್ಲ, ನಾವು ಹೋದ ವರ್ಷ ಮಾವಿನ ಹೂವು ಯಾವ ವಾರ ಬಂತು ಅಂತಲೂ ಬರೆದಿಡಲ್ಲ.

ನೀರಿನ ಮಾತೂ ಅಷ್ಟೆ. ದ್ರಾಕ್ಷಿ ಬಳ್ಳಿಗೆ ಡ್ರಿಪ್ ಹಾಕಿದರೂ ಬೇಸಿಗೆಯಲ್ಲಿ ನೀರು ಬೇಕು. ಸಾವಿರ ಅಡಿ ಕೊರೆದರೂ ಬರೀ ಧೂಳು ಏಳೋ ಜಿಲ್ಲೆ ನಮ್ಮದು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ ಬರ್ತಾ ಇದೆ. ಅದರ ಗುಣಮಟ್ಟದ ಬಗ್ಗೆ ವಾದ ಇನ್ನೂ ನಿಂತಿಲ್ಲ. ನೀರಿನ ಲೆಕ್ಕ ಹಾಕದೆ ಹೊಸ ಬೆಳೆ ಅಂತ ಹೋಗೋದು ನಮಗೆ ಹೊಂದಲ್ಲ. ಮಾವಾದರೆ ನಿಂತ ಮರ, ಬರಗಾಲ ಕಂಡಿದೆ.

ಇನ್ನು ಎಲ್ಲರ ಮನಸ್ಸಲ್ಲಿರೋ ದೊಡ್ಡ ಪ್ರಶ್ನೆ, ಇದು ಕುಡಿತದ ವ್ಯವಹಾರ ಅಲ್ಲವೇ ಅನ್ನೋದು. ಇದನ್ನು ಬದಿಗೆ ಸರಿಸಿ ಮಾತಾಡೋದು ಸರಿಯಲ್ಲ. ನಮ್ಮ ಸಂವಿಧಾನದ 47ನೇ ವಿಧಿ ಸರ್ಕಾರ ಪಾನನಿಷೇಧಕ್ಕೆ ಪ್ರಯತ್ನ ಮಾಡಬೇಕು ಅನ್ನುತ್ತೆ. ಅದೇ ಸರ್ಕಾರಕ್ಕೆ ನಮ್ಮ ರಾಜ್ಯದಲ್ಲಿ ಅಬಕಾರಿಯಿಂದ ವರ್ಷಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬರುತ್ತೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ವೈನ್ ನೀತಿ ಬಂದದ್ದೂ ಅದೇ 2007ರಲ್ಲಿ. ಬಡವನ ಪ್ಯಾಕೆಟ್ ಮುಚ್ಚಿ ಶ್ರೀಮಂತನ ಶೀಸೆ ತೆರೆದರು ಅಂತ ಆಗ ಮಾತಾಡಿಕೊಂಡರೆ ಆಶ್ಚರ್ಯವೇನು? ಗಡಿಯಾಚೆ ನೆಲ್ಲೂರು ಜಿಲ್ಲೆಯ ದೂಬಗುಂಟ ಅನ್ನೋ ಹಳ್ಳಿಯ ಹೆಂಗಸರು 1992ರಲ್ಲಿ ಸಾರಾಯಿ ಅಂಗಡಿ ಮುಚ್ಚಿಸಿದ್ದು ಇಲ್ಲಿ ವಯಸ್ಸಾದ ಅಕ್ಕಂದಿರಿಗೆ ನೆನಪಿರುತ್ತೆ. ಆ ಕಿಚ್ಚಿನಿಂದ 1993ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಂತು, 1995ರಲ್ಲಿ ಪೂರ್ತಿ ಪಾನನಿಷೇಧ ಬಂತು. 1997ರಲ್ಲಿ ಅದೂ ಸಡಿಲವಾಯಿತು.

ವೈನ್ ಆರೋಗ್ಯಕ್ಕೆ ಒಳ್ಳೇದು ಅಂತ ಹೇಳೋರಿದ್ದಾರೆ. ಫ್ರಾನ್ಸಿನವರು ಬೆಣ್ಣೆ ಮಾಂಸ ತಿಂದೂ ಹೃದಯರೋಗ ಕಡಿಮೆ, ಅದಕ್ಕೆ ಕೆಂಪು ವೈನೇ ಕಾರಣ ಅಂತ 1991ರ ಸುಮಾರಿಗೆ ಅಮೆರಿಕದ ಟಿ.ವಿ.ಯಲ್ಲಿ ಬಂದದ್ದೇ ತಡ, ಅದು ಪ್ರಚಾರಕ್ಕೆ ಸಿಕ್ಕಿಬಿಟ್ಟಿತು. ಈಗ ಆ ಮಾತು ನಿಲ್ಲಲ್ಲ. ಮದ್ಯ ಕ್ಯಾನ್ಸರ್ ತರುತ್ತೆ ಅನ್ನೋದು ಸಿದ್ಧವಾಗಿದೆ, ಇಷ್ಟು ಕುಡಿದರೆ ಅಪಾಯವಿಲ್ಲ ಅನ್ನೋ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಆದ್ದರಿಂದ ವೈನ್ ಔಷಧಿ ಅಂತ ಯಾರಾದರೂ ನಮ್ಮ ಸಂಘಕ್ಕೆ ಬಂದು ಭಾಷಣ ಮಾಡಿದರೆ ನಂಬಬೇಡಿ. 2022ರ ಜನವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ದೊಡ್ಡ ದಿನಸಿ ಅಂಗಡಿಗಳಲ್ಲಿ ವೈನ್ ಮಾರಬಹುದು, ಇದರಿಂದ ರೈತನಿಗೆ ಅನುಕೂಲ ಅಂತ ತೀರ್ಮಾನ ಮಾಡಿತು. ಅಣ್ಣಾ ಹಜಾರೆಯವರು ಉಪವಾಸ ಕೂರ್ತೀನಿ ಅಂದರು. ತೀರ್ಮಾನ ಜಾರಿಗೆ ಬರಲಿಲ್ಲ. ಆ ವಾದದಲ್ಲಿ ಎರಡು ಕಡೆಯವರೂ ರೈತನ ಹೆಸರು ಹೇಳಿದರು. ದ್ರಾಕ್ಷಿಗೆ ಕೆಜಿಗೆ ಎಷ್ಟು ರೂಪಾಯಿ ಹೆಚ್ಚಿಗೆ ಸಿಗುತ್ತೆ ಅನ್ನೋ ಪ್ರಶ್ನೆ ಮಾತ್ರ ಮುಂದೆ ಬರಲೇ ಇಲ್ಲ.

ಆ ಲೆಕ್ಕವನ್ನು ನಾವೇ ಹಾಕಿ ನೋಡೋಣ. 750 ಮಿಲಿ ಶೀಸೆಗೆ ಒಂದು ಕೆಜಿ ಮೇಲೆ ಕಾಲು, ಹೆಚ್ಚೆಂದರೆ ಒಂದೂವರೆ ಕೆಜಿ ದ್ರಾಕ್ಷಿ ಬೇಕು. ಕೆಜಿಗೆ 40 ರೂಪಾಯಿ ಅಂತ ಲೆಕ್ಕಕ್ಕೆ ಇಟ್ಟುಕೊಂಡರೂ ರೈತನಿಗೆ ಹೋಗೋದು 60 ರೂಪಾಯಿ. ಶೀಸೆ 600 ರೂಪಾಯಿಗೆ ಮಾರಿದರೂ 60, 1,200ಕ್ಕೆ ಮಾರಿದರೂ 60. ಮಿಕ್ಕಿದ್ದು ಗಾಜು, ಬಿರಡೆ, ಲೇಬಲ್ಲು, ತೆರಿಗೆ, ಅಂಗಡಿಯವನ ಪಾಲು, ಬ್ಯಾಂಕಿನ ಬಡ್ಡಿ, ಹೆಸರಿನ ಬೆಲೆ. ನಷ್ಟದ ಪಾಲೂ ಮಿಕ್ಕವರದೇ ಅಂತ ನ್ಯಾಯವಾಗಿ ಹೇಳಬೇಕು. ಆದರೆ ಮಹಾರಾಷ್ಟ್ರದಲ್ಲಿ ಕಂಡ ಹಾಗೆ ನಷ್ಟ ಬಂದಾಗ ಅದು ಜಾರಿ ತೋಟದ ಮೇಲೇ ಬೀಳುತ್ತೆ.

ಹಾಗಾದರೆ ರೈತರೇ ತೊಟ್ಟಿಯ ಒಡೆಯರಾದರೆ? ಇದಕ್ಕೆ ಎರಡು ಉದಾಹರಣೆ ಇದೆ, ಎರಡೂ ಸಹಕಾರದ್ದೇ.

ಒಂದು ಫ್ರಾನ್ಸಿನ ದಕ್ಷಿಣದ ಮರೋಸಾನ್ ಅನ್ನೋ ಹಳ್ಳಿ. ವೈನ್ ಬೆಲೆ ನೆಲಕ್ಕೆ ಬಿದ್ದಿದ್ದ ಕಾಲ. ಒಂದೊಂದು ಮನೆಯವರೂ ಒಂದೊಂದು ಪೀಪಾಯಿ ಹಿಡಿದು ದಲ್ಲಾಳಿ ಮುಂದೆ ನಿಲ್ಲೋ ಬದಲು, 1901ರಲ್ಲಿ ಅಲ್ಲಿನ ಸಣ್ಣ ರೈತರು ಒಂದು ಸಂಘ ಮಾಡಿಕೊಂಡರು. ಎಲ್ಲರ ವೈನ್ ಸೇರಿಸಿ ನೇರವಾಗಿ ಪ್ಯಾರಿಸ್ಸಿನ ಕೂಲಿಕಾರರ ಗ್ರಾಹಕ ಸಹಕಾರ ಸಂಘಗಳಿಗೆ ಕಳಿಸಿದರು. ಅಂದರೆ ಮೊದಲು ಗಿರಾಕಿ ಗೊತ್ತುಮಾಡಿಕೊಂಡರು, ಸಾಮಾನ್ಯ ಕಟ್ಟಡ, ತೊಟ್ಟಿ ಕಟ್ಟಿದ್ದು ಆಮೇಲೆ. 1905ರಲ್ಲಿ ಅಲ್ಲಿಗೆ ಜಾನ್ ಜೋರೆಸ್ ಅನ್ನೋ ದೊಡ್ಡ ನಾಯಕರು ಬಂದು ನೋಡಿ ಹೋದರು. ಅದೇ 1905ರಲ್ಲೇ ನಮ್ಮ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಶುರು ಮಾಡಿದ್ದು. ಇಬ್ಬರಿಗೂ ಒಬ್ಬರ ಸುದ್ದಿ ಒಬ್ಬರಿಗೆ ತಿಳಿದಿರಲಾರದು. ಮರೋಸಾನಿನ ಸುತ್ತಮುತ್ತ ಬೇರೆ ರೈತರ ಪಾಡು ಕೆಟ್ಟೇ ಇತ್ತು. ಸಕ್ಕರೆ ನೀರು ಬೆರೆಸಿದ ಕಲಬೆರಕೆ ವೈನ್ ಮಾರುಕಟ್ಟೆ ತುಂಬಿತ್ತು. 1907ರಲ್ಲಿ ಮಾರ್ಸಲಾ ಆಲ್ಬೇರ್ ಅನ್ನೋ ಒಬ್ಬ ಹಳ್ಳಿಯವನ ಹಿಂದೆ ಮೊದಲು 87 ಜನ ಹೊರಟರು. ಮೂರು ತಿಂಗಳಲ್ಲಿ ಮೊಂಪೆಲಿಯೆ ಪಟ್ಟಣದಲ್ಲಿ ಲಕ್ಷಾಂತರ ಜನ ಸೇರಿದರು. ನಾರ್ಬೋನ್ ಪಟ್ಟಣದಲ್ಲಿ ಸೈನ್ಯ ಗುಂಡು ಹಾರಿಸಿ ಜನ ಸತ್ತರು. ಕೊನೆಗೆ ಜೂನ್ 29ರಂದು ಕಲಬೆರಕೆ ತಡೆಯೋ ಕಾನೂನು ಬಂತು. ಇವತ್ತು ಫ್ರಾನ್ಸಿನ ವೈನಿನಲ್ಲಿ ಹೆಚ್ಚು ಕಡಿಮೆ ಅರ್ಧ ಸಹಕಾರ ಸಂಘಗಳ ತೊಟ್ಟಿಯಲ್ಲೇ ತಯಾರಾಗುತ್ತೆ. ಆದರೂ ಬಳ್ಳಿ ಕೀಳೋದು ಆ ಸಂಘಗಳ ಸದಸ್ಯರಿಗೂ ತಪ್ಪಿಲ್ಲ. ಸಂಘ ಇದ್ದರೆ ದಲ್ಲಾಳಿಯನ್ನು ತಡೆಯಬಹುದು, ಕುಡಿಯೋರನ್ನು ಹೆಚ್ಚಿಸೋಕೆ ಆಗಲ್ಲವಲ್ಲ.

ಎರಡನೇದು ನಮ್ಮದೇ. ಬೆಂಗಳೂರಿಗೆ ಹೋದಾಗ ಹಾಪ್‌ಕಾಮ್ಸ್ ಅಂಗಡಿ ನೋಡಿದ್ದೀರಿ. ಅದು ಹುಟ್ಟಿದ್ದು 1959ರಲ್ಲಿ, ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಮಾರಾಟ ಮತ್ತು ಸಂಸ್ಕರಣಾ ಸಂಘ ಅಂತ. ತೋಟಗಾರಿಕೆ ಇಲಾಖೆಯ ಡಾ. ಎಂ. ಎಚ್. ಮರೀಗೌಡರ ಮುತುವರ್ಜಿಯಿಂದ, ಇದೇ ಬೆಂಗಳೂರು ಬ್ಲೂ ಬೆಳೆಗಾರರಿಗೋಸ್ಕರ ಆದದ್ದು. ಅವರು ವೈನ್ ತೊಟ್ಟಿ ಕಟ್ಟಲಿಲ್ಲ. ಹಣ್ಣು ಮಾರಿದರು, ಜ್ಯೂಸ್ ಮಾಡಿದರು, 1983ರಲ್ಲಿ ಎಲ್ಲಾ ಹಣ್ಣು ತರಕಾರಿಗೂ ಕೈ ಹಾಕಿದರು. ದ್ರಾಕ್ಷಿ ಸಂಘ ಸೊಪ್ಪು ತರಕಾರಿ ಅಂಗಡಿ ಆಯಿತಲ್ಲ ಅಂತ ಹಗುರವಾಗಿ ಮಾತಾಡೋರು ಇದ್ದಾರೆ. ನನಗೆ ಹಾಗನ್ನಿಸಲ್ಲ. ಒಂದು ಬೆಳೆ ಕೈಕೊಟ್ಟರೂ ಸಂಘ ಉಳಿಯೋ ಹಾಗೆ ಬಾಗಿಲು ಹೆಚ್ಚಿಸಿಕೊಂಡರು.

ಈಗ ಮಾವಿನ ವೈನಿಗೆ ಬರ್ತೀನಿ. ಆಗುತ್ತಾ ಅಂದರೆ ಆಗುತ್ತೆ. ತಿರುಪತಿಯ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯದವರು ಬೇನಿಷಾ, ತೋತಾಪುರಿ ಸೇರಿದಂತೆ ಹಲವು ತಳಿಗಳಿಂದ ವೈನ್ ಮಾಡಿ, ಪರೀಕ್ಷಿಸಿ 2005ರಲ್ಲೇ ಪ್ರಕಟಿಸಿದ್ದಾರೆ. ಮಾವಿನ ರಸ ಮಂದ. ಅದರಲ್ಲಿರೋ ಪೆಕ್ಟಿನ್ ಒಡೆಯೋಕೆ ಒಂದು ಕಿಣ್ವ ಹಾಕಬೇಕು, ಆಮೇಲೆ ಯೀಸ್ಟ್. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಮದ್ಯ ನಿಯಮಗಳಲ್ಲಿ ದ್ರಾಕ್ಷಿಯಲ್ಲದ ಬೇರೆ ಹಣ್ಣಿನ ವೈನಿಗೂ ಜಾಗ ಇದೆ. ಅಂದರೆ ವಿದ್ಯೆ ಇದೆ, ನಿಯಮವೂ ಇದೆ. ಕಷ್ಟ ಇರೋದು ಬೇರೆ ಕಡೆ. ಮಾವು ಬರೋದು ಎರಡು ತಿಂಗಳು. ಮಿಕ್ಕ ಹತ್ತು ತಿಂಗಳು ಸ್ಟೀಲ್ ತೊಟ್ಟಿ, ಕೂಲಿಂಗ್, ಕರೆಂಟು, ಸಂಬಳ ಎಲ್ಲಾ ನಡೀತಾ ಇರಬೇಕು. ಅಬಕಾರಿ ಲೈಸೆನ್ಸು, ಅಧಿಕಾರಿಗಳ ತಪಾಸಣೆ, ಒಂದೊಂದು ಲೀಟರಿಗೂ ಲೆಕ್ಕ. ಮದ್ಯ ರಾಜ್ಯದ ವಿಷಯ, ಜಿ.ಎಸ್.ಟಿ.ಯೊಳಗೂ ಇಲ್ಲ. ಒಂದೊಂದು ರಾಜ್ಯದಲ್ಲಿ ಒಂದೊಂದು ತೆರಿಗೆ, ಒಂದೊಂದು ಪರ್ಮಿಟ್ಟು. ಕಾಯಿಯನ್ನೇ ಗಡಿ ದಾಟಿಸೋಕೆ ಆಗದೆ ಒದ್ದಾಡಿದ ನಾವು ಶೀಸೆ ದಾಟಿಸೋಕೆ ಹೊರಟರೆ ಹೇಗಿರುತ್ತೆ ಯೋಚಿಸಿ. ಎಲ್ಲಕ್ಕಿಂತ ಮುಖ್ಯ, ಕುಡಿಯೋರು ಯಾರು? ಮರೋಸಾನಿನವರಿಗೆ ಪ್ಯಾರಿಸ್ಸಿನಲ್ಲಿ ಗಿರಾಕಿ ಮೊದಲೇ ಇದ್ದ. ನಮಗೆ ಇನ್ನೂ ಇಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಹೇಳ್ತೀನಿ, ಒಪ್ಪದೇ ಇರೋರು ಎದ್ದು ಹೇಳಬಹುದು. ವೈನಿಗೆ ಅಂತ ಹೊಸದಾಗಿ ಯಾರೂ ಬಳ್ಳಿ ಹಾಕಬೇಡಿ, ಮಾವಿನ ಮರ ಕಡಿದಂತೂ ಬೇಡವೇ ಬೇಡ. ಯಾವುದಾದರೂ ವೈನರಿಯವರು ನಮ್ಮಲ್ಲಿ ಈಗಾಗಲೇ ಇರೋ ಹಣ್ಣನ್ನು, ಈಗಾಗಲೇ ಇರೋ ಗಿರಾಕಿಗಳ ಜೊತೆಗೆ ಇನ್ನೊಬ್ಬ ಗಿರಾಕಿಯಾಗಿ ಕೊಳ್ಳೋಕೆ ಬಂದರೆ ಮಾತಾಡೋಣ. ಆಗ ಒಬ್ಬೊಬ್ಬರೇ ಹೋಗೋದು ಬೇಡ, ಸಂಘದ ಮೂಲಕ ಕಾಗದದ ಮೇಲೆ ಒಪ್ಪಂದ ಆಗಲಿ. ರೇಟು ಯಾವ ಬ್ರಿಕ್ಸಿಗೆ ಎಷ್ಟು, ಹಣ ಎಷ್ಟು ದಿನದಲ್ಲಿ, ಗಾಡಿ ಬಾಡಿಗೆ ಯಾರದು, ಬೇಡ ಅಂತ ವಾಪಸ್ ಕಳಿಸಿದರೆ ನಷ್ಟ ಯಾರಿಗೆ, ಎಲ್ಲಾ ಬರೆದಿರಬೇಕು. ಬ್ರಿಕ್ಸ್ ಅಳೆಯೋ ಕೈಸಾಧನ ಅಂಗೈಯಗಲ ಇರುತ್ತೆ, ಅದಕ್ಕೆ ದೊಡ್ಡ ಬಂಡವಾಳ ಬೇಡ. ಸಂಘ ಒಂದನ್ನು ಕೊಂಡು ಇಟ್ಟುಕೊಂಡರೆ ನಾಳೆ ಪಲ್ಪ್ ಕಾರ್ಖಾನೆಯವರ ಜೊತೆ ಮಾತಾಡೋವಾಗಲೂ ಉಪಯೋಗಕ್ಕೆ ಬರುತ್ತೆ.

ದುಡ್ಡು ಹಾಕೋದೇ ಆದರೆ ಪಲ್ಪಿಗೆ ಹಾಕೋಣ ಅಂತ ನನ್ನ ಮನಸ್ಸು. ಕಾಯಿ ನಾಲ್ಕು ದಿನ ಕಾಯಲ್ಲ, ಸರಿಯಾಗಿ ಡ್ರಮ್ಮಿಗೆ ತುಂಬಿದ ಪಲ್ಪ್ ತಿಂಗಳುಗಟ್ಟಲೆ ಕಾಯುತ್ತೆ. ಪಲ್ಪ್ ಇದ್ದರೆ ಜ್ಯೂಸಿನವನಿಗೂ ಕೊಡಬಹುದು, ಹಣ್ಣಿನ ಚಾಪೆ ಮಾಡೋರಿಗೂ ಕೊಡಬಹುದು, ಐಸ್‌ಕ್ರೀಮಿನವನಿಗೂ ಕೊಡಬಹುದು. ವೈನ್ ಮಾಡೋನು ಬಂದರೆ ಅವನೂ ಸಾಲಿನಲ್ಲಿ ನಿಲ್ಲಲಿ. ಒಂದು ಊರಿನ ಸಂಘಕ್ಕೆ ಇದು ಭಾರ, ನಿಜ. ಹೋಬಳಿಯ ನಾಲ್ಕೈದು ಸಂಘಗಳು ಕೂಡಬೇಕಾಗುತ್ತೆ. ಹೊಗಳಗೆರೆಯ ಮಾವು ಕೇಂದ್ರದವರನ್ನು, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರನ್ನು ಕರೆಸಿ ಅಂದಾಜು ಪಟ್ಟಿ ಮಾಡಿಸಬೇಕು. ಯಂತ್ರ ಮಾರೋ ಏಜೆಂಟರ ಕೈಲಿ ಮಾತ್ರ ಅಂದಾಜು ಪಟ್ಟಿ ಮಾಡಿಸಬೇಡಿ.

ಇನ್ನೊಂದು ವಿಷಯ. ಮುಂದೆ ಯಾವತ್ತಾದರೂ ವೈನ್ ಪ್ರಸ್ತಾಪ ಮಹಾಸಭೆಗೆ ಬಂದರೆ, ಕೈ ಎತ್ತೋ ಮುಂಚೆ ಹೆಣ್ಣುಮಕ್ಕಳ ಅಭಿಪ್ರಾಯ ಬೇರೆಯಾಗಿ ಕೇಳಿ ನಡವಳಿ ಪುಸ್ತಕದಲ್ಲಿ ಬರೆಯಬೇಕು ಅಂತ ನನ್ನ ಕೋರಿಕೆ. ಕುಡಿತದ ಲೆಕ್ಕ ಅವರ ಮನೆಯಲ್ಲೇ ಇರೋದು, ನಮ್ಮ ಲೆಡ್ಜರಿನಲ್ಲಿ ಅಲ್ಲ. ಅವರು ಬೇಡ ಅಂದರೆ ಬೇಡ. ಈ ಇಪ್ಪತ್ತೈದು ವರ್ಷದಲ್ಲಿ ಸಾಲ ಸರಿಯಾಗಿ ಕಟ್ಟಿದೋರ ಪಟ್ಟಿ ತೆಗೆದು ನೋಡಿ, ಅವರ ಮಾತಿಗೆ ಯಾಕೆ ತೂಕ ಇರಬೇಕು ಅಂತ ಕಾರ್ಯದರ್ಶಿಗಳೇ ಹೇಳುತ್ತಾರೆ.

ನನಗೆ ಕೊಟ್ಟ ಅರ್ಧ ಗಂಟೆ ಮೀರಿದೆ, ಅಡುಗೆಯವರು ಎರಡು ಸಾರಿ ಬಂದು ನೋಡಿಕೊಂಡು ಹೋದರು. ಪ್ರಶ್ನೆ ಇದ್ದೋರು ಈಗಲೇ ಕೇಳಿ, ಊಟ ಆದಮೇಲೆ ಯಾರೂ ಕೂರಲ್ಲ.